ಮಾರಿಕಣಿವೆಯ ಮೀನು ಯಾವೂರಿನದು

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಹೊರಗಿನವರಿಗೆ ಇದರಲ್ಲಿ ಅಂಥದ್ದೇನಿದೆ ಅನಿಸಬಹುದು. ಮೈಸೂರು ಅರಸರ ಕಾಲದಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ಅಂದರೆ ಇದೇ ಮಾರಿಕಣಿವೆ, ಅದಕ್ಕೆ ಮುಂಚೆ ತುಂಬಿ ಹರಿದದ್ದು ಒಂದೇ ಒಂದು ಸಲ, 1933ರಲ್ಲಿ. ನಡುವೆ 89 ವರ್ಷ ಕಳೆದಿದ್ದವು. ಹಿರಿಯೂರು ಸೀಮೆಯ ಮೂರು ತಲೆಮಾರು ‘ಇವತ್ತು ಡ್ಯಾಮು ಎಷ್ಟು ಅಡಿ’ ಎಂದು ಕೇಳುತ್ತಲೇ ಬೆಳೆದು, 130 ಅಡಿ ಎಂಬುದನ್ನು ಕಾಣದೆಯೇ ಮುದಿಯಾಗಿದ್ದವು. ಹಾಗಾಗಿ ಆ ದಿನಗಳಲ್ಲಿ ಅಣೆಕಟ್ಟೆಯ ರಸ್ತೆಯಲ್ಲಿ ಟ್ರ್ಯಾಕ್ಟರು, ಬೈಕು, ಆಟೊ ಎಲ್ಲ ಸೇರಿ ಜಾತ್ರೆ ನೆರೆಯಿತು. ಕಣಿವೆ ಮಾರಮ್ಮನ ಗುಡಿಯ ಮುಂದೆ ಹಣ್ಣುಕಾಯಿ ಹಿಡಿದವರ ಸಾಲು ನಿಂತಿತು. ಹಿನ್ನೀರಿನ ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ, ತೋಟ ಮುಳುಗಿಸಿಕೊಂಡವರು ಮಾತ್ರ ಹಬ್ಬ ಮಾಡಲಿಲ್ಲ.

ದಾವಣಗೆರೆಯ ಮನೆಯಲ್ಲಿ ಕೂತು ಮೀನುಗಾರಿಕೆ ಇಲಾಖೆಯ ನಿವೃತ್ತ ನೌಕರನೊಬ್ಬನೂ ಕೋಡಿಯ ವಿಡಿಯೊಗಳನ್ನು ನೋಡಿದ. ನೋಡಿದವರೆಲ್ಲ ನೊರೆಯೆಬ್ಬಿಸಿ ಧುಮುಕುವ ನೀರನ್ನು ನೋಡಿದರೆ ಅವನ ಕಣ್ಣು ಹೋದದ್ದು ಕೋಡಿಯ ಕೆಳಗಿನ ಬಂಡೆಗಳ ಕಡೆಗೆ. ಅಲ್ಲಿ ನಾಲ್ಕೈದು ಹುಡುಗರು ಸೊಳ್ಳೆಪರದೆ ಹಿಡಿದು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದರು. ಕೆರೆ ಕೋಡಿ ಬಿದ್ದರೆ ಮೀನೂ ಹರಿದು ಬರುತ್ತದೆ. ಇದನ್ನು ಯಾವ ಹುಡುಗನಿಗೂ ಹೇಳಿಕೊಡಬೇಕಾಗಿಲ್ಲ. ಒಬ್ಬ ಎರಡೂ ಕೈಯಲ್ಲಿ ಒಂದು ಮೀನು ಎತ್ತಿ ಕ್ಯಾಮೆರಾದ ಮುಂದೆ ಹಿಡಿದ. ತಲೆ ದಪ್ಪ, ಬಾಯಿ ಮೇಲ್ಮುಖ, ಹುರುಪೆ ಅಗಲ. ಕಾಟ್ಲಾ. ‘ನೋಡ್ರಪ್ಪಾ, ನಮ್ಮ ಮಾರಿಕಣಿವೆ ಮೀನು’ ಎಂದು ಹಿಂದಿನಿಂದ ಯಾರೋ ಕೂಗಿದರು.

ಆ ಮೀನಿನ ವಂಶ ಈ ನೀರಿಗೆ ಹೇಗೆ ಬಂತೆಂಬುದು ಅವನಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಜೀಪಿನ ಹಿಂದೆ ಪಾಲಿಥೀನ್ ಚೀಲಗಳ ಮಧ್ಯೆ ಕೂತು ಮೀನುಮರಿಗಳನ್ನು ತಂದು ಬಿಡುತ್ತಿದ್ದವರಲ್ಲಿ ಅವನೂ ಒಬ್ಬ. ಮೀನುಗಾರಿಕೆ ಇಲಾಖೆಯಲ್ಲಿ ಆಗ ಅವನು ಕ್ಷೇತ್ರಪಾಲಕ.

ಅದಕ್ಕೂ ಹಿಂದಿನ ಕಥೆಯೊಂದಿದೆ. ಅವನ ಊರು ಹೊಸದುರ್ಗದ ಕಡೆಯ ಒಂದು ಸಣ್ಣ ಹಳ್ಳಿ. ಊರ ಮುಂದೆ ಕೆರೆ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ತುಂಬುವ, ಉಳಿದಂತೆ ಬೇಸಿಗೆಗೆ ಮುಂಚೆಯೇ ತಳ ತೋರಿಸುವ ಬಯಲುಸೀಮೆಯ ಕೆರೆ. ನೀರು ಸೊಂಟಕ್ಕಿಳಿದಾಗ ಗೌಡರ ಮನೆಯಿಂದ ಒಂದು ದಿನ ಗೊತ್ತುಮಾಡುತ್ತಿದ್ದರು, ತಳವಾರ ಸಾರುತ್ತಿದ್ದ. ಆ ದಿನ ಬೆಳಿಗ್ಗೆ ಬಿದಿರ ಕೂಳಿ, ಬುಟ್ಟಿ, ಹಳೇ ಸೀರೆ, ಏನು ಸಿಕ್ಕಿದರೆ ಅದು ಹಿಡಿದು ಊರಿಗೆ ಊರೇ ಕೆರೆಗೆ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಏರಿಯ ಮೇಲೆ ಮೀನಿನ ಗುಡ್ಡೆಗಳು. ದೇವಸ್ಥಾನಕ್ಕೊಂದು ಪಾಲು, ಗೌಡರಿಗೊಂದು, ತೂಬು ಕಾಯುವ ನೀರಗಂಟಿಗೊಂದು, ಉಳಿದದ್ದು ಮನೆಗಳಿಗೆ. ದೇವರು ಮೀನು ತಿನ್ನುವುದಿಲ್ಲವಾದ್ದರಿಂದ ಆ ಪಾಲನ್ನು ಅಲ್ಲೇ ಹರಾಜು ಹಾಕುತ್ತಿದ್ದರು.

ಅವನ ಮನೆಯಲ್ಲಿ ಮೀನು ಅಡುಗೆಮನೆ ಸೇರುವಂತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದಕ್ಕೆಂದೇ ಬೇರೆ ಮಡಕೆ, ಬೇರೆ ಸೌಟು. ಅಜ್ಜಿ ಮೀನು ಮುಟ್ಟುತ್ತಿರಲಿಲ್ಲ. ಆದರೆ ಹಿತ್ತಲ ಬಾಗಿಲಲ್ಲಿ ಕೂತು, ಹುಣಸೆಹುಳಿ ಮುಂದಾಯಿತು, ಮೆಣಸಿನಕಾಯಿ ಕಡಿಮೆಯಾಯಿತು ಎಂದು ವಾಸನೆಯಲ್ಲೇ ತಿಳಿದು ಹೇಳುತ್ತಿದ್ದಳು. ‘ತಿನ್ನದವಳಿಗೆ ರುಚಿ ಹೆಂಗೆ ಗೊತ್ತಾಗುತ್ತಜ್ಜೀ?’ ಎಂದು ಹುಡುಗ ಒಮ್ಮೆ ಕೇಳಿದ್ದಕ್ಕೆ, ‘ಮದುವೆಗೆ ಮುಂಚೆ ನಮ್ಮಪ್ಪನ ಮನೇಲಿ ತಿಂತಿರಲಿಲ್ವೇನೋ’ ಅಂದಿದ್ದಳು. ಬಿಸಿ ರಾಗಿಮುದ್ದೆ, ಮೀನುಸಾರು, ಹಿತ್ತಲ ಕತ್ತಲು. ಇಷ್ಟನ್ನು ಮಾತ್ರ ಉಳಿಸಿಕೊಂಡರೆ ನೆನಪು ಬಹಳ ಹಿತವಾಗಿದೆ.

ಆದರೆ ಆ ದಿನದ ಇನ್ನೊಂದು ಭಾಗವೂ ಇತ್ತು. ಊರಿಗೆ ಊರೇ ಎಂದದ್ದು ಪೂರ್ತಿ ನಿಜವಲ್ಲ. ಹೊರಕೇರಿಯ ಜನ ಬೆಳಿಗ್ಗೆಯಿಂದ ಏರಿಯ ಆಚೆ ಕಾಯುತ್ತಿದ್ದರು. ಮೇಲಿನವರು ಹಿಡಿದು, ಪಾಲು ಹಂಚಿಕೊಂಡು, ಕಾಲು ತೊಳೆದು ಹೋದ ಮೇಲೆ ಅವರ ಸರದಿ. ಆಗ ಕೆರೆಯಲ್ಲಿ ಉಳಿದಿರುತ್ತಿದ್ದದ್ದು ಕೆಸರು. ಆ ಕೆಸರಿನೊಳಗೆ ಕೈಯಾಡಿಸಿ ಅವರು ತೆಗೆಯುತ್ತಿದ್ದದ್ದು ಕೊರವ, ಚೇಳು ಮೀನು, ಹಾವು ಮೀನು. ಕೊರವ, ಚೇಳು ಮೀನು ನೀರು ಕೈಕೊಟ್ಟರೂ ಬಾಯಿ ಮೇಲೆತ್ತಿ ಗಾಳಿ ಉಸಿರಾಡಿ ಬದುಕುವ ಜಾತಿ. ಚೇಳು ಮೀನಿನ ಮುಳ್ಳು ಚುಚ್ಚಿದರೆ ರಾತ್ರಿಯಿಡೀ ನಿದ್ದೆಯಿಲ್ಲ. ಇವತ್ತು ಅದೇ ಕೊರವದ ಬೆಲೆ ಪೇಟೆಯಲ್ಲಿ ಕಾಟ್ಲಾಕ್ಕಿಂತ ಎಷ್ಟೋ ಮೇಲೆ. ಹಳ್ಳಿಯ ಕೆರೆ ಎಲ್ಲರದಾಗಿತ್ತು, ಮೀನು ಹಿಡಿಯುವ ಟೆಂಡರ್ ಬಂದು ಕೆಟ್ಟಿತು ಎಂದು ಭಾಷಣ ಮಾಡುವವರನ್ನು ಕೇಳಿದಾಗ ಅವನಿಗೆ ಆ ಏರಿಯ ಆಚೆ ಕುಕ್ಕರಗಾಲಲ್ಲಿ ಕೂತವರು ಕಾಣುತ್ತಾರೆ. ಟೆಂಡರ್ ಕೆಟ್ಟದ್ದೇ ಇರಬಹುದು. ಅದಕ್ಕೆ ಮುಂಚೆ ರಾಮರಾಜ್ಯವಿತ್ತೆಂಬುದು ಸುಳ್ಳು.

ಕೆಲಸ ಸಿಕ್ಕ ಮೇಲೆ ಅವನನ್ನು ಕಳಿಸಿದ್ದು ಬಿ.ಆರ್.ಪ್ರಾಜೆಕ್ಟಿಗೆ, ಭದ್ರಾ ಅಣೆಕಟ್ಟೆಯ ಕೆಳಗಿನ ಮೀನುಮರಿ ಕೇಂದ್ರಕ್ಕೆ. ಒಣನಾಡಿನ ಹುಡುಗನಿಗೆ ಆ ಹಸಿರು, ಆ ಬಿಡದ ಮಳೆ ಹೊಸದು. ಅಲ್ಲಿ ಅವನು ಕಂಡ ಸೋಜಿಗದ ಮುಂದೆ ಮುಂದಿನ ಮೂವತ್ತೈದು ವರ್ಷದ ನೌಕರಿಯಲ್ಲಿ ಕಂಡದ್ದೆಲ್ಲ ಸಪ್ಪೆ.

ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಗಂಗೆಯ ಬಯಲಿನ ಗೆಂಡೆ ಮೀನುಗಳು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ; ಮೂರನ್ನೂ ಒಂದೇ ಕೆರೆಗೆ ಬಿಟ್ಟರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ತೊಡಕಿರುವುದು ಸಂತಾನದಲ್ಲಿ. ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನ ಹೊಸ ಪ್ರವಾಹ ಬೇಕು. ಹಾಗಾಗಿ ಬಹಳ ಕಾಲ ಮೀನುಮರಿ ಬೇಕೆಂದರೆ ಬಂಗಾಳ, ಬಿಹಾರದ ನದಿಗಳಲ್ಲಿ ಪರದೆ ಕಟ್ಟಿ ಹಿಡಿದದ್ದೇ ಗತಿ. ಅದನ್ನು ಬದಲಿಸಿದ್ದು 1957ರ ಜುಲೈ 10. ಅಂದು ಒಡಿಶಾದ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಳಿಕುಞಿ ಎಂಬ ವಿಜ್ಞಾನಿಗಳು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಕೊಳದ ಮೀನಿನಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ದೇಶ ಈಗ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ.

ಗ್ರಂಥಿ ಎಲ್ಲಿಂದ? ಮೀನಿನ ತಲೆಯಿಂದ. ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ, ಮೊಟ್ಟೆ ತುಂಬಿದ ಗೆಂಡೆ ಮೀನುಗಳ ತಲೆಗಳನ್ನು ಬೇಡಿ ತರುವುದು ಹೊಸಬರ ಕೆಲಸ. ಕತ್ತಿಯಿಂದ ತಲೆಬುರುಡೆಯ ಮೇಲ್ಭಾಗ ಸವರಿ, ಮೆದುಳನ್ನು ಎತ್ತಿ, ಅದರಡಿಯ ಕಣ್ಣಿಗೆ ಕಂಡೂ ಕಾಣದಂಥ ಗ್ರಂಥಿಯನ್ನು ಚಿಮುಟದಲ್ಲಿ ಬಿಡಿಸಿ, ಆಲ್ಕೋಹಾಲಿನ ಸೀಸೆಯಲ್ಲಿ ಇಡಬೇಕು. ತಲೆಗೆ ದುಡ್ಡು ಕೊಡುತ್ತೇವೆಂದರೂ ಮೀನು ಮಾರುವ ಹೆಂಗಸರು ನಂಬುತ್ತಿರಲಿಲ್ಲ. ‘ತಲೆ ತಿನ್ನೋದು ಬಿಟ್ಟು ತಲೆಯೊಳಗಿಂದು ಕೀಳಾಕೆ ಸರ್ಕಾರ ಸಂಬಳ ಕೊಡ್ತೈತಾ?’ ಎಂದು ನಗುತ್ತಿದ್ದರು.

ಸಂಜೆ ಮಳೆ ಹಿಡಿದರೆ ಹಿರಿಯ ಸಹಾಯಕರೊಬ್ಬರು ಮುಗಿಲು ನೋಡಿ ‘ಇವತ್ತು ಆಗ್ತದೆ’ ಅನ್ನುತ್ತಿದ್ದರು. ಹೆಣ್ಣುಮೀನಿಗೆ ಮೊದಲ ಚುಚ್ಚುಮದ್ದು, ಸುಮಾರು ಆರು ಗಂಟೆ ಬಿಟ್ಟು ಎರಡನೆಯದು. ಎರಡನೆಯದರ ಹೊತ್ತಿಗೆ ಗಂಡಿಗೂ ಒಂದು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಐದಾರು ಕಿಲೋದ ಮೀನು ಎದೆಗವಚಿಕೊಂಡವನ ತೋಳಲ್ಲಿ ಒದೆಯುತ್ತಿರುವಾಗ, ಬಾಲದ ಬುಡದಲ್ಲಿ, ಹುರುಪೆಯ ಕೆಳಗೆ ಸೂಜಿ ಹೋಗಬೇಕು. ಆ ಹಿರಿಯರ ಕೈ ಎಂದೂ ತಪ್ಪುತ್ತಿರಲಿಲ್ಲ. ಆಮೇಲೆ ಕೊಳದಲ್ಲಿ ಗೂಟ ನೆಟ್ಟು ಕಟ್ಟಿದ ‘ಹಾಪಾ’ ಎಂಬ ಬಟ್ಟೆಯ ತೊಟ್ಟಿಗೆ ಜೋಡಿಯನ್ನು ಬಿಟ್ಟು, ಲಾಟೀನು ತಗ್ಗಿಸಿ, ಕೊಡೆ ಹಿಡಿದು ಕಾಯುವುದು. ನಡುರಾತ್ರಿ ಕಳೆದು ನೀರು ಒಮ್ಮೆಲೇ ಕಲಕಿದರೆ ಕೆಲಸವಾಯಿತೆಂದು ಅರ್ಥ. ನಸುಕಿನಲ್ಲಿ ಹಾಪಾದ ತುಂಬ ಬೆಂದ ಸಾಬುದಾನಿಯಂತೆ ತಿಳಿಯಾಗಿ ಹೊಳೆಯುವ ಮೊಟ್ಟೆ. ಫಲಿಸದಿದ್ದವು ಬೆಳ್ಳಗೆ ಮಬ್ಬಾಗಿರುತ್ತಿದ್ದವು.

ಮೊಟ್ಟೆ ಮರಿಯಾಗುವ ಹಾಪಾದ ರಚನೆಯಲ್ಲೂ ಜಾಣತನವಿತ್ತು. ಒಳಗೆ ಸೊಳ್ಳೆಪರದೆಯ ತೊಟ್ಟಿ, ಹೊರಗೆ ದಟ್ಟ ಬಟ್ಟೆಯದು. ಹದಿನಾಲ್ಕರಿಂದ ಹದಿನೆಂಟು ಗಂಟೆಯಲ್ಲಿ ಒಡೆದ ಮರಿಗಳು ಪರದೆಯ ತೂತಿನಲ್ಲಿ ನುಸುಳಿ ಹೊರಗಿನ ತೊಟ್ಟಿಗೆ ಬರುತ್ತವೆ, ಸಿಪ್ಪೆಗಳು ಒಳಗೇ ಉಳಿಯುತ್ತವೆ. ಪರದೆಯನ್ನು ಎತ್ತಿ ಕೊಡವಿದರೆ ಮುಗಿಯಿತು. ಮುಂದೆ ತೊಂಬತ್ತರ ದಶಕದಲ್ಲಿ ಸಿದ್ಧ ಹಾರ್ಮೋನ್ ಸೀಸೆಗಳು ಬಂದವು, ಚೀನಾ ಮಾದರಿಯ ಗುಂಡು ತೊಟ್ಟಿಗಳು ಬಂದವು. ಮೀನಿನ ತಲೆ ಬೇಡುವ ಕೆಲಸ ತಪ್ಪಿತು. ಕೆಲಸ ಸಲೀಸಾಯಿತೆಂಬುದರಲ್ಲಿ ಅವನಿಗೆ ತಕರಾರಿಲ್ಲ. ಆ ರಾತ್ರಿಗಳಲ್ಲಿ ಕುಡಿದ ಬೆಲ್ಲದ ಕಾಫಿಗೆ ಮಾತ್ರ ಯಾವ ಸೀಸೆಯೂ ಸಾಟಿಯಲ್ಲ ಅನ್ನುತ್ತಾನೆ.

ಬೆರಳುದ್ದ ಬೆಳೆದ ಮರಿಗಳನ್ನು ಮಾರಿಕಣಿವೆಗೆ ಒಯ್ಯುವ ಮುನ್ನ ಒಂದು ದಿನ ಉಪವಾಸ ಕೆಡವಬೇಕು. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ, ಬಾಯಿಗೆ ಬಿಗಿ ಗಂಟು. ಎಣಿಸುವುದು ಹೇಗೆ? ಒಂದು ಬಟ್ಟಲು ಮರಿ ಮೊಗೆದು ನಿಜವಾಗಿ ಎಣಿಸುತ್ತಿದ್ದರು. ಆಮೇಲೆ ಬಟ್ಟಲಿನ ಲೆಕ್ಕ ಮಾತ್ರ. ವರದಿಗಳಲ್ಲಿ ಇಲಾಖೆ ಲಕ್ಷಗಟ್ಟಲೆ ಮರಿ ಬಿಟ್ಟಿತೆಂದು ಓದುವಾಗ ಆ ಲಕ್ಷದ ಬುಡದಲ್ಲಿ ಒಂದೇ ಒಂದು ಬಟ್ಟಲಿದೆ ಎಂಬುದನ್ನು ಓದುಗರು ನೆನಪಿಡುವುದು ಒಳ್ಳೆಯದು. ಬಟ್ಟಲು ತುಂಬಿತ್ತೇ, ಅರ್ಧವಿತ್ತೇ ಎಂಬುದು ಮೊಗೆದವರ ಮನಸ್ಸಾಕ್ಷಿಗೆ ಬಿಟ್ಟದ್ದು.

ತರೀಕೆರೆ, ಅಜ್ಜಂಪುರ, ಹೊಸದುರ್ಗದ ಮೇಲೆ ಜೀಪು ಹೋಗುತ್ತಿತ್ತು. ಮಲೆನಾಡಿನ ಮಳೆ ಅಜ್ಜಂಪುರ ದಾಟುವಷ್ಟರಲ್ಲಿ ನಿಂತು, ಧೂಳು ಶುರುವಾಗುತ್ತಿತ್ತು. ಹಿನ್ನೀರು ಮುಟ್ಟಿದ ಮೇಲೆ ಚೀಲಗಳನ್ನು ಹಾಗೇ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಬಿಸಿಯೂ ಹೊರಗಿನ ಬಿಸಿಯೂ ಒಂದಾಗುವವರೆಗೆ ಕಾದು, ಆಮೇಲೆ ಬಾಯಿ ಬಿಚ್ಚಬೇಕು. ಆ ಕಾಯುವ ಹೊತ್ತಿನಲ್ಲೇ ಅವನಿಗೆ ಒಬ್ಬ ಮುದುಕನ ಪರಿಚಯವಾದದ್ದು.

ಅರವತ್ತರ ಆಸುಪಾಸು. ಗಂಗಾಮತದವರು. ಹಿನ್ನೀರಿನ ದಡದಲ್ಲಿ ಜೊಂಡಿನ ಗುಡಿಸಲು, ಬೋರಲು ಹಾಕಿದ ತೆಪ್ಪ. ಹಿಂದೆ ಎಮ್ಮೆಚರ್ಮ ಹೊದಿಸುತ್ತಿದ್ದ ಬಿದಿರ ತೆಪ್ಪಕ್ಕೆ ಆಗಲೇ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿಯುವ ರೂಢಿ ಬಂದಿತ್ತು. ತೇಲುವ ಚೀಲಗಳನ್ನು ನೋಡುತ್ತ ಕೂತಿದ್ದ ಮುದುಕ ಕೇಳಿದರು:

‘ಸಾಮಿ, ಇವು ಯಾವೂರ ಮೀನು?’

‘ಮರಿ ಮಾಡಿದ್ದು ಬಿ.ಆರ್.ಪಿ.ನಲ್ಲಿ. ಮೂಲ ಗಂಗಾನದೀದು ಯಜಮಾನ್ರೇ.’

‘ಗಂಗಾಮತದೋರಿಗೆ ಗಂಗೆ ಮೀನು. ಸರಿಹೋಯ್ತು ಬಿಡಿ. ನಮ್ಮ ಬಾಳೆಮೀನು ಕೇಳ್ತಿದ್ವು, ಯಾವಾಗ ಬತ್ತಾರೆ ಸರ್ಕಾರದೋರು ಊಟ ತಗಂಡು ಅಂತ.’

ಆಡಿದ್ದು ತಮಾಷೆಗಾದರೂ ವಿಷಯ ಸುಳ್ಳಲ್ಲ. ಬಾಳೆ ಮೀನು ಬೇಟೆಗಾರ ಜಾತಿ. ಅಗಲ ಬಾಯಿ, ಸಾಲು ಹಲ್ಲು. ಬೆರಳುದ್ದದ ಮರಿ ಅದಕ್ಕೆ ತುತ್ತು. ಇಲಾಖೆಯ ಪುಸ್ತಕದಲ್ಲಿ ಬಾಳೆ, ಕೊರವಗಳು ಪರಭಕ್ಷಕ ಮೀನುಗಳ ಪಟ್ಟಿಯಲ್ಲಿದ್ದವು. ಪಕ್ಕೆಯಂಥ ಸಣ್ಣವು ಕಳೆ ಮೀನಿನ ಪಟ್ಟಿಯಲ್ಲಿ. ಸಾಕಣೆ ಕೊಳಗಳಲ್ಲಿ ಹೆಕ್ಟೇರಿಗೆ ಎರಡರಿಂದ ಎರಡೂವರೆ ಟನ್ ಹಿಪ್ಪೆ ಹಿಂಡಿ ಹಾಕಿ ಇವನ್ನೆಲ್ಲ ಕೊಂದು, ಆಮೇಲೆ ಗೆಂಡೆ ಮರಿ ಬಿಡಬೇಕೆಂಬುದು ಆಗಿನ ಪಾಠ. ಜಲಾಶಯದಲ್ಲಿ ಅದು ಆಗದ ಮಾತು. ಆದರೂ ಮನಸ್ಸಿನಲ್ಲಿ ಗೆರೆ ಬಿದ್ದಿತ್ತು: ಬಿಟ್ಟದ್ದು ಬೆಳೆ, ಇದ್ದದ್ದು ಕಳೆ.

1933ರ ಕೋಡಿಯನ್ನು ಕಂಡಿದ್ದೇನೆಂದು ಆ ಮುದುಕ ಹೇಳುತ್ತಿದ್ದರು. ಆಗ ಹತ್ತು ವರ್ಷದ ಹುಡುಗ. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಂತೆ. ಕೇಳುವವರು ಅರ್ಧ ನಂಬುತ್ತಿದ್ದರು, ಅರ್ಧ ನಗುತ್ತಿದ್ದರು. ಈ ಡ್ಯಾಮು ತುಂಬುವುದುಂಟೇ!

ಅವರ ಜೊತೆ ತೆಪ್ಪದಲ್ಲಿ ಕೂತು ಅವನು ಕಲಿತದ್ದು ಯಾವ ತರಬೇತಿಯಲ್ಲೂ ಇರಲಿಲ್ಲ. ಸಂಜೆ ಬಲೆ ಕಟ್ಟಿ ನಸುಕಿನಲ್ಲಿ ಎತ್ತುವುದು. ಹುಣ್ಣಿಮೆಯ ಸುತ್ತ ಬಲೆ ಕಟ್ಟಿದರೆ ಕೂಲಿ ಹುಟ್ಟದು. ಬೆಳದಿಂಗಳಲ್ಲಿ ಮೀನಿಗೆ ಬಲೆ ಕಾಣುತ್ತದೆ. ಅಮಾವಾಸ್ಯೆ ಮೀನುಗಾರನದು. ಮುಳುಗಿದ ಹಳೇ ಹೊಳೆಯ ಪಾತ್ರ ಯಾವ ಕಡೆ ಹೋಗಿದೆ, ಯಾವ ಮುಳುಗಿದ ಮರದ ಬೊಡ್ಡೆ ಬಲೆ ಹರಿಯುತ್ತದೆ ಎಂಬುದೆಲ್ಲ ಅವರಿಗೆ ದಡದ ಗುಡ್ಡಗಳ ಗುರುತಿನಿಂದ ತಿಳಿಯುತ್ತಿತ್ತು. ಬಲೆಯ ಕಣ್ಣನ್ನು ಬೆರಳಿನಿಂದ ಅಳೆಯುತ್ತಿದ್ದರು. ಮೂರು ಬೆರಳಿಗಿಂತ ಸಣ್ಣ ಕಣ್ಣಿನ ಬಲೆ ಕಟ್ಟಿದವನನ್ನು ಕಂಡರೆ, ‘ತೊಟ್ಟಿಲಿಗೆ ಕೈ ಹಾಕೋನು’ ಎಂದು ಬೈಯುತ್ತಿದ್ದರು.

ಇಲ್ಲಿ ಒಂದು ಮಾತು. ಕನ್ನಡದ ಓದುಗರಿಗೆ ಮೀನು ಹಿಡಿಯುವುದೆಂದರೆ ಗಾಳ ನೆನಪಾಗುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅದಕ್ಕೆ ಕಾರಣ. ಮೈಸೂರಿನ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಎಳೆದ 120 ಪೌಂಡಿನ ಮಾಶೀರ್ ಇವತ್ತಿಗೂ ಗಾಳದವರ ಬಾಯಲ್ಲಿದೆ. ಅದು ಬಿಡುವಿನವರ ಮೀನುಗಾರಿಕೆ, ಅದರ ಸೊಗಸೇ ಬೇರೆ. ಮಾರಿಕಣಿವೆಯ ದಡದಲ್ಲಿ ಯಾರಿಗೂ ಆ ಬಿಡುವಿರಲಿಲ್ಲ. ಬಲೆಯ ನೈಲಾನು, ಸೀಸದ ಮಣಿ, ಬೆಂಡು ಎಲ್ಲ ಸಾಹುಕಾರನ ಮುಂಗಡದಲ್ಲಿ ಬಂದವು. ಮುಂಗಡ ತೀರುವವರೆಗೆ ಹಿಡಿದ ಮೀನೆಲ್ಲ ಅವನಿಗೇ, ಅವನು ಹೇಳಿದ ದರಕ್ಕೇ. ಮುಂಗಡ ತೀರುತ್ತಿರಲಿಲ್ಲ. ಸಾಹುಕಾರ ಒಲ್ಲೆಂದ ಸಣ್ಣ ಮೀನನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಿರಿಯೂರಿನ ಸಂತೆಗೆ ನಡೆಯುತ್ತಿದ್ದರು. ಅಲ್ಲಿ ತಕ್ಕಡಿಯಿಲ್ಲ, ಗುಡ್ಡೆ ಲೆಕ್ಕ. ಸಂಸಾರ ಸಾಗುತ್ತಿದ್ದದ್ದು ಆ ಗುಡ್ಡೆಗಳ ಮೇಲೆ; ಕಾಟ್ಲಾದ ಮೇಲಲ್ಲ.

ಹೀಗಿರುವಾಗ ತೋಟೆಯ ಆಸೆ ಹುಟ್ಟುವುದು ಕಷ್ಟವಲ್ಲ. ಕಲ್ಲುಕ್ವಾರಿಯಿಂದ ತಂದ ಸಿಡಿಮದ್ದನ್ನು ಮಡುವಿಗೆ ಎಸೆದರೆ ಒಂದು ಗಳಿಗೆಯಲ್ಲಿ ವಾರದ ಮೀನು. ನೀರಿನಲ್ಲಿ ಮದ್ದು ಹಾಕಬಾರದೆಂಬ ಕಾನೂನು 1897ರಷ್ಟು ಹಳೆಯದು. ಮಾರಿಕಣಿವೆಯ ಅಣೆಕಟ್ಟೆಗಿಂತಲೂ ಹಿರಿದು. ಆದರೂ ಆ ಗುಡಿಸಲುಗಳ ಸಾಲಿನಲ್ಲಿ ಬಲಗೈ ಮಣಿಕಟ್ಟಿನಿಂದಾಚೆ ಇಲ್ಲದ ಒಬ್ಬನಿದ್ದ. ಬತ್ತಿ ಹತ್ತಿಸಿ ಎಸೆಯುವುದು ತಡವಾಗಿತ್ತು. ಬಲೆಯ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ಗಂಟು ಹಾಕುತ್ತ ಅವನು ಎರಡು ಕೈಯವರಷ್ಟೇ ಬೇಗ ಬಲೆ ನೇಯುತ್ತಿದ್ದ. ಅವನ ಹೆಸರು ಮರೆತುಹೋಗಿದೆ. ಗಂಟು ಹಾಕುವ ಆ ರೀತಿ ಮರೆತಿಲ್ಲ.

ಬರಗಾಲದ ಬಗ್ಗೆ ಇಲಾಖೆಯ ಈ ನೌಕರನ ಎಣಿಕೆ ತಿರುವುಮುರುವಾದದ್ದೂ ಅಲ್ಲೇ. ರೈತರ ಮನೆಯಲ್ಲಿ ಹುಟ್ಟಿದವನಿಗೆ ಡ್ಯಾಮಿನ ನೀರು ಇಳಿಯಿತೆಂದರೆ ಎದೆ ಇಳಿಯುತ್ತದೆ. ಮೀನುಗಾರರಿಗೆ ಹಾಗಲ್ಲ. ನೀರು ಇಳಿದಷ್ಟೂ ಮೀನು ಒತ್ತಾಗುತ್ತದೆ, ಬಲೆ ತುಂಬುತ್ತದೆ. ಕಾಲುವೆಗೆ ನೀರಿಲ್ಲವೆಂದು ರೈತರು ಹಿರಿಯೂರಿನಲ್ಲಿ ಧರಣಿ ಕೂತ ವರ್ಷವೇ ಗುಡಿಸಲುಗಳಲ್ಲಿ ಮಗಳ ಮದುವೆ. ಮುದುಕ ಇದನ್ನು ಸಂಕೋಚದಿಂದಲೇ ಹೇಳುತ್ತಿದ್ದರು. ಜಲಾಶಯ ಅರ್ಧ ತುಂಬಿದ ಸೋನೆಯ ವರ್ಷಗಳಲ್ಲಿ ಮೀನು ನೀರಗಲಕ್ಕೆ ಚೆದುರಿ ಅವರ ಮಕ್ಕಳು ಕೂಲಿಗೆ ಹೋಗುತ್ತಿದ್ದರು. ಜಲಾಶಯ ಒಂದೇ, ಅದರ ಪಂಚಾಂಗ ಎರಡು.

ಹಾಗಾದರೆ ಇಷ್ಟೆಲ್ಲ ಮರಿ ಬಿಟ್ಟು ಆದದ್ದೇನು? 1995ರಲ್ಲಿ ವಿ.ವಿ. ಸುಗುಣನ್ ಭಾರತದ ಜಲಾಶಯಗಳ ಮೀನುಗಾರಿಕೆಯ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಬರೆದ ವರದಿಯ ಪ್ರಕಾರ ನಮ್ಮ ದೊಡ್ಡ ಜಲಾಶಯಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸಿಗುತ್ತಿದ್ದದ್ದು ಸುಮಾರು 11 ಕಿಲೋ ಮೀನು. ಸಣ್ಣ ಜಲಾಶಯಗಳಲ್ಲಿ ಸುಮಾರು 50. ಓದಿದಾಗ ಅವನಿಗೆ ಬೇಸರವೇನೂ ಆಗಲಿಲ್ಲ, ಕಣ್ಣಾರೆ ಕಂಡದ್ದಕ್ಕೆ ಅಂಕಿ ಸಿಕ್ಕಿತಷ್ಟೆ. ವೇದಾವತಿ ವರ್ಷದಲ್ಲಿ ಕೆಲವೇ ತಿಂಗಳು ಹರಿಯುವ ನದಿ. ಬಾಬಾಬುಡನ್ ಗಿರಿಯಲ್ಲಿ ಹುಟ್ಟಿ, ಅಯ್ಯನಕೆರೆ, ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಮದಗದ ಕೆರೆಗಳನ್ನು ತುಂಬಿಸಿ ಮಿಕ್ಕದ್ದು ಮಾರಿಕಣಿವೆಗೆ. ಪ್ರವಾಹ ಬರದ ವರ್ಷ ಗಂಗೆಯ ಮೀನು ಇಲ್ಲಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಪ್ರತಿ ವರ್ಷವೂ ಜೀಪು ಬರಲೇಬೇಕು.

ಆದರೂ ಒಂದನ್ನು ಒಪ್ಪಬೇಕು. ಕಾಟ್ಲಾ ಬಂದ ಮೇಲೆಯೇ ಈ ನೀರಿಗೆ ಪೇಟೆ ಬಂತು. ಬೆಂಗಳೂರಿನ ಹೆದ್ದಾರಿಗೆ ಐಸ್ ಪೆಟ್ಟಿಗೆ ಹತ್ತಿತು. ಸ್ಥಳೀಯ ಮೀನುಗಳನ್ನು ಕಾಟ್ಲಾ ತಿಂದುಹಾಕಿತು ಎಂದು ಈಗ ಪರಿಸರದ ಸಭೆಗಳಲ್ಲಿ ಹೇಳುವವರಿದ್ದಾರೆ. ಕಾಟ್ಲಾ ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು. ಬಾಳೆ, ಪಕ್ಕೆಗಳನ್ನು ಕಡಿಮೆ ಮಾಡಿದ್ದು ಹೊಳೆಯ ಮರಳು ಬಗೆದವರು, ಸೊಳ್ಳೆಪರದೆಯ ಬಲೆ ಕಟ್ಟಿದವರು, ಮತ್ತು ಸೊರಗಿದ ಹೊಳೆ. ಪರದೇಶದಿಂದ ಬಂದ ಮೀನುಗಳ ಮಾತೇ ಬೇರೆ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ, ನಮ್ಮ ಸಂತೆಗಳ ‘ಜಿಲೇಬಿ’, ಕೆರೆಯಿಂದ ಕೆರೆಗೆ ಹಬ್ಬಿತು. ಆಫ್ರಿಕಾದ ಕ್ಯಾಟ್‌ಫಿಶ್ ಅನ್ನು ಕೇಂದ್ರ ಸರ್ಕಾರ ನಿಷೇಧಿಸಿ ಎರಡು ದಶಕ ದಾಟಿದರೂ ಅದು ಕೊಳಗಳಲ್ಲಿದೆ, ಕೊಳದ ಕಟ್ಟೆ ಒಡೆದಾಗಲೆಲ್ಲ ಹಳ್ಳ ಸೇರುತ್ತಿದೆ.

ನಡುವೆ ಜಲಾಶಯ ತಳ ಕಂಡ ವರ್ಷಗಳೂ ಬಂದವು. ಮುದುಕ ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಗುಡಿಸಲುಗಳು ಕರಗಿದವು. ಅವರ ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ ಆಟೊ ಓಡಿಸುತ್ತಾನೆ, ಇನ್ನೊಬ್ಬ ಊರಲ್ಲೇ ಇದ್ದಾನೆ.

2022ರ ಕೋಡಿಯ ಸಂಭ್ರಮ ಇಳಿದ ಮೇಲೆ ಅವನು ದಾವಣಗೆರೆಯಿಂದ ಮಾರಿಕಣಿವೆಗೆ ಹೋದ. ಈಗ ನೀರಿನ ದಾರಿಯೇ ಬೇರೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಬೆಟ್ಟದತಾವರೆಕೆರೆಯ ಬಳಿ ಪಂಪಿನಿಂದ ಎತ್ತಿದ ಭದ್ರೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಬೀಳುತ್ತದೆ. ಅಂದು ಮೀನುಮರಿಗಳ ಚೀಲ ಹೊತ್ತು ಜೀಪು ಬರುತ್ತಿದ್ದ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಇಂದು ನೀರೇ ಬರುತ್ತಿದೆ. ಊರಲ್ಲೇ ಇದ್ದ ಮುದುಕರ ಮಗ ಸಿಕ್ಕ. ಫೈಬರ್ ತೆಪ್ಪ, ಗಾಜಿನೆಳೆಯಂಥ ಬಲೆ, ಜೇಬಲ್ಲಿ ಫೋನು. ಹಿಡಿದ ಮೀನಿನ ಫೋಟೊ ಹಾಕಿದರೆ ಹೋಟೆಲಿನವರೇ ಬಂದು ಒಯ್ಯುತ್ತಾರಂತೆ. ಮುಂಗಡದ ಸಾಹುಕಾರನ ಕಾಟ ಕಡಿಮೆಯಾಗಿದೆ. ಇದು ಸಣ್ಣ ಬದಲಾವಣೆಯಲ್ಲ. ಹಳೆಯದನ್ನೆಲ್ಲ ಮೆಚ್ಚಿ ಬರೆಯುವವರು ಇದನ್ನು ಬರೆಯುವುದಿಲ್ಲ.

‘ನಿಮ್ಮಪ್ಪ ಕೋಡಿ ಕಂಡಿದ್ದೆ ಅಂತಿದ್ರಲ್ಲಪ್ಪ, ನಿಜವೇ ಇರಬೇಕು’ ಅಂದ ಇವನು.

‘ನಿಜಾನೋ ಸುಳ್ಳೋ ಸಾರ್, ನಮಗಂತೂ ಕೋಡಿ ಬಿದ್ದಿದ್ದು ಲಾಸು. ನೀರು ಅಷ್ಟಗಲ ಆಯ್ತು, ಮೀನು ಎಲ್ಲೋಯ್ತೋ. ದೊಡ್ಡವೆಲ್ಲ ಹೊಳೆ ಪಾಲು’ ಅಂದ ಮಗ. 2025ರ ಜನವರಿಯಲ್ಲಿ ಡ್ಯಾಮು ಮತ್ತೆ ಕೋಡಿ ಬಿದ್ದಾಗ ಅದೇ ಮಾತನ್ನು ಫೋನಿನಲ್ಲಿ ಹೇಳಿದ, ಈ ಸಲ ನಗುತ್ತ.

ಅಣೆಕಟ್ಟೆಯ ಬಳಿ ಸಾಲಾಗಿ ಮೀನು ಫ್ರೈ ಅಂಗಡಿಗಳು. ಕೆಂಪು ಮಸಾಲೆ ಮೆತ್ತಿದ ಹೋಳುಗಳು ಕಾವಲಿಯ ಮೇಲೆ. ಒಂದು ಅಂಗಡಿಯ ಹಿಂದೆ ಆಂಧ್ರದ ನೋಂದಣಿಯ ಲಾರಿಯಿಂದ ಥರ್ಮಾಕೋಲ್ ಪೆಟ್ಟಿಗೆ ಇಳಿಯುತ್ತಿದ್ದವು. ಭೀಮವರಂ ಕಡೆಯ ಕೊಳಗಳಲ್ಲಿ ಸಾಕಿದ ಮೀನು. ಎದುರಿಗೆ 30 ಟಿಎಂಸಿ ನೀರು ತುಂಬಿ ನಿಂತಿರುವಾಗ ಪ್ರವಾಸಿಗರು ‘ಡ್ಯಾಮಿನ ಮೀನು’ ಎಂದು ಅದನ್ನೇ ತಿನ್ನುತ್ತಿದ್ದರು. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ದಿನಕ್ಕಿಷ್ಟು ಮೀನು ಖಾತ್ರಿಯಾಗಿ ಬೇಕು, ಜಲಾಶಯಕ್ಕೆ ಅಂಥ ಖಾತ್ರಿಯಿಲ್ಲ.

ಇಲಾಖೆಗೆ ಈ ನಿವೃತ್ತ ನೌಕರ ಹೇಳುವುದು ಒಂದೇ. ಬಿಟ್ಟ ಮರಿಯ ಲಕ್ಷಗಳನ್ನು ಬರೆದಷ್ಟೇ ನಿಷ್ಠೆಯಿಂದ ಹಿಡಿದ ಮೀನನ್ನೂ ಜಾತಿವಾರು ಬರೆಯಲಿ. ಕಾಟ್ಲಾ ಎಷ್ಟು, ಬಾಳೆ ಎಷ್ಟು, ಪಕ್ಕೆ ಎಷ್ಟು, ದಡದಲ್ಲೇ ತೂಗಿ. ಓದುಗರಿಗೂ ಒಂದು ಮಾತಿದೆ. ಮಾರಿಕಣಿವೆಗೆ ಹೋದರೆ ಫ್ರೈಗೆ ಆರ್ಡರ್ ಮಾಡುವ ಮುನ್ನ ಮೀನು ಎಲ್ಲಿಯದೆಂದು ಕೇಳಿ. ಹಿನ್ನೀರಿನದು ಬೇಕೆಂದರೆ ಅಣೆಕಟ್ಟೆಯಿಂದ ಆಚೆ, ತೆಪ್ಪಗಳು ದಡ ಮುಟ್ಟುವ ಕಡೆಗೆ, ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ಸಣ್ಣ ಮೀನಿದ್ದರೆ ಅದನ್ನೇ ಕೊಳ್ಳಿ, ಚೌಕಾಸಿ ಮಾಡಬೇಡಿ.